ಬೀವೀಎಚ್ಚು, ಎಫ್‌ಬೀಎಕ್ಸು ಮತ್ತು ಒಂದು ಮಂಡಿ ಕುಣಿತ

ಕನ್ನಡದಲ್ಲಿ ಬ್ಲಾಗು ಬರೆಯೋ ನಮಗೆಲ್ಲ ಒಂದು ಹಳೇ ಗಾಯ ಇದೆ. ನುಡಿಯಲ್ಲೋ ಶ್ರೀಲಿಪಿಯಲ್ಲೋ ರಾತ್ರಿಯೆಲ್ಲ ಕೂತು ಟೈಪ್ ಮಾಡಿದ ಲೇಖನ, ಬೆಳಿಗ್ಗೆ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವೇ ಇಲ್ಲದ ಇಂಗ್ಲಿಷ್ ಅಕ್ಷರಗಳ ಕಸದ ರಾಶಿ. ಪರಿವರ್ತಕಕ್ಕೆ ಕೊಟ್ಟರೆ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ. ಬರೆದದ್ದು ನಮ್ಮದೇ, ಅಕ್ಷರ ನಮ್ಮದೇ, ಆದರೆ ಒಂದು ತಂತ್ರಾಂಶದ ಮನೆಯಿಂದ ಇನ್ನೊಂದರ ಮನೆಗೆ ಹೋಗೋ ದಾರಿಯಲ್ಲಿ ಕೈಕಾಲು ಮುರಿದುಕೊಳ್ತಿತ್ತು. ಯೂನಿಕೋಡು ಬಂದ ಮೇಲೆ ಆ ಕಾಟ ಬಹುಪಾಲು ತಪ್ಪಿತು. ಎಷ್ಟೋ ಜನರ ಹಳೇ ಬರಹಗಳು ಮಾತ್ರ ಆ ಹಳೇ ಫಾಂಟುಗಳ ಒಳಗೇ ಉಳಿದುಹೋದವು.

ಈಗ ಅದೇ ಕಥೆ ಕುಣಿತಕ್ಕೆ ಆಗ್ತಿದೆ ಅಂದರೆ ನಂಬ್ತೀರಾ? ಕೈಕಾಲು ಮುರಿಯೋದು ಅಂತ ಹೇಳಿದೆನಲ್ಲ, ಇಲ್ಲಿ ಅದು ಬರೀ ಮಾತಲ್ಲ, ಅಕ್ಷರಶಃ ನಿಜ :)

ನಾನಿರೋದು ಕಳಸದ ಹತ್ತಿರದ ಒಂದು ಹಳ್ಳಿಯಲ್ಲಿ. ಅರ್ಧ ದಿನ ತೋಟ, ಅರ್ಧ ದಿನ ಬೆಂಗಳೂರಿನ ಕಂಪನಿಗಳಿಗೆ ಅನಿಮೇಷನ್ ಕೆಲಸ. ತ್ರೀಡಿ ಗೊಂಬೆಗಳಿಗೆ ಮೂಳೆ ಕೂರಿಸೋದು, ಆ ಮೂಳೆಗಳನ್ನ ಆಡಿಸೋದು. ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಇರಲ್ಲ, ಆಗ ಪೂರ್ತಿ ದಿನ ತೋಟ. (ತೋಟಕ್ಕೂ ಹೋಗೋಕಾಗಲ್ಲ ಬಿಡಿ, ಜುಲೈಯಲ್ಲಿ ಇಂಬಳಕ್ಕೆ ರಕ್ತದಾನ ಅಷ್ಟೆ.)

ಮೋಷನ್ ಕ್ಯಾಪ್ಚರ್ ಅನ್ನೋ ಪದ ನೀವು ಕೇಳಿರ್ತೀರಿ. ಮನುಷ್ಯನ ಮೈಗೆ ಗುರುತುಗಳನ್ನೋ ಸೆನ್ಸರುಗಳನ್ನೋ ಕಟ್ಟಿ, ಅವನ ಚಲನೆಯನ್ನ ಅಂಕಿಗಳಾಗಿ ಹಿಡಿದು, ಆ ಅಂಕಿಗಳನ್ನ ಕಂಪ್ಯೂಟರಿನ ಗೊಂಬೆಗೆ ತೊಡಿಸೋದು. 2002ರಲ್ಲಿ ಬಂದ ಲಾರ್ಡ್ ಆಫ್ ದ ರಿಂಗ್ಸ್ ಎರಡನೇ ಭಾಗದ ಗೊಲ್ಲಮ್ ಹಿಂದೆ ಆಂಡಿ ಸರ್ಕಿಸ್ ಅನ್ನೋ ನಟ ಇದ್ದ. ನಮ್ಮ ಪಕ್ಕದಲ್ಲೇ 2014ರಲ್ಲಿ ರಜನಿಕಾಂತ್ ಅವರ ಕೋಚಡೈಯಾನ್ ಬಂತು. 2016ರಲ್ಲಿ ಕನ್ನಡದ ನಾಗರಹಾವು ಚಿತ್ರದಲ್ಲಿ, 2009ರಲ್ಲೇ ತೀರಿಕೊಂಡಿದ್ದ ವಿಷ್ಣುವರ್ಧನ್ ಮತ್ತೆ ತೆರೆ ಮೇಲೆ ಬಂದರು. ಅದು ಬೇರೊಬ್ಬರ ಮೈಗೆ ವಿಷ್ಣು ಅವರ ಮುಖ ಕೂರಿಸಿದ್ದು, ವಿಧಾನ ಬೇರೆ. ಒಬ್ಬರ ಚಲನೆ ಇನ್ನೊಬ್ಬರ ರೂಪ ತೊಡಬಹುದು ಅನ್ನೋದು ಮಾತ್ರ ಕನ್ನಡದ ಪ್ರೇಕ್ಷಕರಿಗೆ ಅಲ್ಲಿ ಕಣ್ಣಿಗೆ ಕಂಡಿತು.

ಹಿಡಿಯೋದು ಈಗ ಅಗ್ಗ. ಸೆನ್ಸರ್ ಇರೋ ಸೂಟು ಬಾಡಿಗೆಗೆ ಸಿಗುತ್ತೆ, ಮೊಬೈಲ್ ವಿಡಿಯೋದಿಂದಲೇ ಚಲನೆ ತೆಗೆದುಕೊಡೋ ತಂತ್ರಾಂಶಗಳೂ ಬಂದಿವೆ. ಕಷ್ಟ ಇರೋದು ಸಾಗಾಣಿಕೆಯಲ್ಲಿ. ನನ್ನ ಇವತ್ತಿನ ತಕರಾರೂ ಅಲ್ಲೇ.

ಬೀವೀಎಚ್ ಅಂತ ಒಂದು ಕಡತದ ಬಗೆ ಇದೆ. ಬಯೋವಿಷನ್ ಅನ್ನೋ ಕಂಪನಿ ಮಾಡಿದ್ದು. ಆ ಕಂಪನಿ ಇವತ್ತಿಲ್ಲ, ಕಡತ ಉಳಿದಿದೆ. ಯಾಕೆ ಉಳಿಯಿತು ಗೊತ್ತಾ? ಅದು ಬರೀ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಮೊದಲ ಭಾಗದಲ್ಲಿ ಮೂಳೆಗಳ ವಂಶವೃಕ್ಷ: ಸೊಂಟ ಎಲ್ಲಕ್ಕೂ ಮೂಲ, ಅದಕ್ಕೆ ತೊಡೆ, ತೊಡೆಗೆ ಕಣಕಾಲು, ಹೀಗೆ. ಎರಡನೇ ಭಾಗದಲ್ಲಿ ಒಂದೊಂದು ಸಾಲೂ ಒಂದೊಂದು ಫ್ರೇಮು, ಯಾವ ಕೀಲು ಎಷ್ಟು ಡಿಗ್ರಿ ತಿರುಗಿದೆ ಅನ್ನೋ ಅಂಕಿಗಳು. ಅಷ್ಟೇ. ಆದರೆ ಅಳತೆ ಸೆಂಟಿಮೀಟರೋ ಇಂಚೋ ಅಂತ ಅದರಲ್ಲಿ ಬರೆದಿರಲ್ಲ. ಮೇಲ್ದಿಕ್ಕು ಯಾವುದು ಅಂತಲೂ ಬರೆದಿರಲ್ಲ. ಮಾಯಾದಲ್ಲಿ ವೈ ಅಕ್ಷ ಮೇಲೆ, ಬ್ಲೆಂಡರ್ ಮತ್ತು ತ್ರೀಡಿಎಸ್ ಮ್ಯಾಕ್ಸ್‌ನಲ್ಲಿ ಝಡ್ ಅಕ್ಷ ಮೇಲೆ. ಹಾಗಾಗಿ ಒಂದರಲ್ಲಿ ನಿಂತಿದ್ದವನು ಇನ್ನೊಂದರಲ್ಲಿ ಮಕಾಡೆ ಮಲಗಿರ್ತಾನೆ. ಒಂದರ ಅಳತೆ ಸೆಂಟಿಮೀಟರು, ಇನ್ನೊಂದರದ್ದು ಮೀಟರು, ಆರಡಿ ಆಳು ಆರುನೂರಡಿ ಎತ್ತರಕ್ಕೆ ಬೆಳೆದು ನಿಂತು ತೆರೆ ತುಂಬ ಬರೀ ಹೆಬ್ಬೆರಳು ಕಾಣಿಸಿದ್ದೂ ಉಂಟು.

ಹೆಸರಿನ ಗೋಳಂತೂ ಕೇಳಬೇಡಿ. ಒಂದೇ ತೋಳಿಗೆ ಒಂದು ಕಡೆ ‘ಮಿಕ್ಸಾಮೋರಿಗ್ ಲೆಫ್ಟ್‌ಆರ್ಮ್’, ಇನ್ನೊಂದು ಕಡೆ ‘ಬಿಪ್01 ಎಲ್ ಅಪ್ಪರ್‌ಆರ್ಮ್’, ಮತ್ತೊಂದು ಕಡೆ ‘ಅಪ್ಪರ್‌ಆರ್ಮ್ ಡಾಟ್ ಎಲ್’. ಪಹಣಿಯಲ್ಲೊಂದು ಹೆಸರು, ಆಧಾರಿನಲ್ಲೊಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ತಾಲ್ಲೂಕು ಕಚೇರಿಯಲ್ಲಿ ಏನಾಗುತ್ತೆ? ಇಲ್ಲೂ ಅದೇ. ಕೂತು ಒಂದೊಂದಾಗಿ ಇದು ಅದೇ, ಅದು ಇದೇ ಅಂತ ಜೋಡಿ ಮಾಡಬೇಕು.

ಇಷ್ಟು ಬರೀ ತಲೆನೋವು. ಕೂತರೆ ಬಗೆಹರಿಯುತ್ತೆ. ನಿಜವಾದ ನಷ್ಟ ಆಗೋದು ಇದರ ಮುಂದಿನ ಹೆಜ್ಜೆಯಲ್ಲಿ, ಅಂದರೆ ಹಿಡಿದ ಚಲನೆಯನ್ನ ಬೇರೆ ಮೈಕಟ್ಟಿನ ಗೊಂಬೆಗೆ ತೊಡಿಸೋವಾಗ. ರಿಟಾರ್ಗೆಟಿಂಗ್ ಅಂತಾರೆ.

ನಮ್ಮ ಕಡೆ ಯಕ್ಷಗಾನದ ಎರಡು ತಿಟ್ಟೂ ಬರುತ್ತೆ. ಘಟ್ಟ ಹತ್ತಿ ಬರೋ ತೆಂಕುತಿಟ್ಟಿನ ಮೇಳಗಳೂ ಉಂಟು, ಬಡಗಿನವರೂ ಉಂಟು. ಕಾಫಿ ಕುಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡೋ ಹೊತ್ತಿಗೆ ಆಟ ಜೋರು. ನಮ್ಮ ಪಕ್ಕದ ಹಳ್ಳಿಯಲ್ಲಿ ಬಡಗುತಿಟ್ಟಿನ ಒಬ್ಬ ಹಿರಿಯ ವೇಷಧಾರಿ ಇದ್ದಾರೆ. ನಾವೆಲ್ಲ ಅವರನ್ನ ಮಾವ ಅಂತಲೇ ಕರೆಯೋದು, ನಾನೂ ಇಲ್ಲಿ ಹಾಗೇ ಕರೀತೀನಿ. ಮಂಡಿ ಹಾಕಿ ಸುತ್ತೋದರಲ್ಲಿ ಅವರದ್ದು ಸುತ್ತಮುತ್ತ ಹೆಸರಾದ ಕುಣಿತ. ಕೆಲವು ವರ್ಷಗಳ ಹಿಂದೆ ಮಕ್ಕಳ ಒಂದು ಆಟದ ತಂತ್ರಾಂಶಕ್ಕೆ ಯಕ್ಷಗಾನದ ಪಾತ್ರ ಬೇಕು ಅಂತ ಬೆಂಗಳೂರಿನ ಒಂದು ಸಂಸ್ಥೆ ಕೇಳಿತು. ನಾನು ಮಾವನ ಹೆಸರು ಹೇಳಿದೆ. ಅವರೇ ಹದಿನೇಳು ಸೆನ್ಸರಿನ ಸೂಟು, ಲ್ಯಾಪ್‌ಟಾಪು ಹಿಡಕೊಂಡು ಬಂದರು. ನಮ್ಮ ಕಾಫಿ ಕಣದಲ್ಲೇ ಚಿತ್ರೀಕರಣ. ಮಾವನನ್ನ ಮೊದಲು ಎರಡು ಕೈ ಅಗಲಿಸಿ ಬೆರ್ಚಪ್ಪನ ತರ ನಿಲ್ಲಿಸಿದರು, ಯಂತ್ರಕ್ಕೆ ಮೈಯಳತೆ ತಿಳಿಸೋಕೆ. “ಹಕ್ಕಿ ಓಡ್ಸೋಕೆ ಕರ್ದಿದ್ದ ಮಾರಾಯ?” ಅಂತ ಮಾವ. ಆಮೇಲೆ ಭಾಗವತರು, ಮದ್ದಳೆ, ಚಂಡೆ ಎಲ್ಲ ಸೇರಿ ಎರಡು ಗಂಟೆ ಕುಣಿದರು.

ಎರಡು ತಿಂಗಳ ಮೇಲೆ ಗೊಂಬೆ ಬಂತು. ಮಾವ ನನ್ನ ಮಾನಿಟರಿನ ಎದುರು ಕೂತು ಎರಡು ಸಲ ನೋಡಿದರು.

“ಎಂಥ ಮಾರಾಯ ಇದು. ನೆಲದ ಮೇಲೆ ಎಣ್ಣೆ ಚೆಲ್ಲಿದ್ದಾರಾ? ಜಾರ್ತಾನಲ್ಲ.”

ಅವರಿಗೆ ಕಂಪ್ಯೂಟರು ಗೊತ್ತಿಲ್ಲ, ಆದರೆ ಒಂದೇ ಮಾತಲ್ಲಿ ರೋಗ ಹಿಡಿದರು. ಈ ಧಂದೆಯಲ್ಲಿ ಇದಕ್ಕೆ ‘ಫೂಟ್ ಸ್ಲೈಡಿಂಗ್’ ಅಂತಲೇ ಹೆಸರು. ಮಾವನ ಕಾಲು ಗಿಡ್ಡ, ಗೊಂಬೆಯ ಕಾಲು ಉದ್ದ. ಕೀಲುಗಳ ಕೋನವನ್ನ ಹಾಗೇ ನಕಲು ಮಾಡಿದರೆ ಪಾದ ಇಳಿಯಬೇಕಾದ ಜಾಗದಲ್ಲಿ ಇಳಿಯಲ್ಲ. ಆಗ ತಂತ್ರಾಂಶ ಪಾದವನ್ನ ನೆಲಕ್ಕೆ ಕಟ್ಟಿಹಾಕೋ ಲೆಕ್ಕ ಮಾಡುತ್ತೆ. ಆ ಲೆಕ್ಕ ಬರೆದವರ ಮನಸ್ಸಿನಲ್ಲಿದ್ದದ್ದು ನಡೆಯೋ ಮನುಷ್ಯ, ಓಡೋ ಮನುಷ್ಯ. ನೆಲ ಮುಟ್ಟೋದು ಪಾದ ಅಂತಲೇ ಅದರ ನಂಬಿಕೆ. ಮಂಡಿಯನ್ನೇ ನೆಲಕ್ಕೆ ಕೊಟ್ಟು ಚಕ್ರದ ಹಾಗೆ ಸುತ್ತೋ ಮನುಷ್ಯ ಇರಬಹುದು ಅಂತ ಅದಕ್ಕೆ ಯಾರೂ ಹೇಳಿಲ್ಲ. ಹಾಗಾಗಿ ಗೊಂಬೆಯ ಮಂಡಿ ನೆಲದೊಳಗೆ ಅರ್ಧ ಅಡಿ ಹೂತುಹೋಗಿತ್ತು, ಪಾದ ಗಾಳಿಯಲ್ಲಿ ಒದ್ದಾಡ್ತಿತ್ತು.

ಇನ್ನೊಂದು, ಸುತ್ತು. ಮಾವ ಹತ್ತು ಸುತ್ತು ಸುತ್ತಿದರೆ ಸೊಂಟ ತಿರುಗಿದ್ದು 3600 ಡಿಗ್ರಿ. ಆದರೆ ಕಡತದಲ್ಲಿ ಅಂಕಿ ಸಾಮಾನ್ಯವಾಗಿ ಮೈನಸ್ 180ರಿಂದ ಪ್ಲಸ್ 180ರ ಒಳಗೇ ಇರುತ್ತೆ. 179 ಆದ ಮೇಲೆ ಮೈನಸ್ 179. ಮನುಷ್ಯನ ಲೆಕ್ಕದಲ್ಲಿ ಅದು ಎರಡೇ ಡಿಗ್ರಿ ಮುಂದೆ. ಸೆಕೆಂಡಿಗೆ 120 ಫ್ರೇಮು ಇದ್ದದ್ದನ್ನ 24ಕ್ಕೆ ಇಳಿಸೋ ತಂತ್ರಾಂಶ ಈ ಎರಡು ಅಂಕಿಗಳ ನಡುವೆ ಒಂದು ಹೊಸ ಅಂಕಿ ಹುಟ್ಟಿಸಬೇಕಾಗಿ ಬಂದರೆ, ಪಾಪ, ಸರಾಸರಿ ತೆಗೆದು ಸೊನ್ನೆ ಅಂತ ಬರೆಯುತ್ತೆ. ಅಂದರೆ ಕಣ್ಣು ಮಿಟುಕಿಸೋದರೊಳಗೆ ಮನುಷ್ಯ ಪೂರಾ ಹಿಂದಕ್ಕೆ ಮುಖ ಮಾಡಿ ಮತ್ತೆ ವಾಪಸು ಬಂದ! ಪ್ರತೀ ಸುತ್ತಿಗೂ ಇದೇ ಅಪಾಯ. ಇದನ್ನ ಮೊದಲೇ ಬಿಡಿಸಿ ಹರಡೋ ಫಿಲ್ಟರುಗಳು ಇವೆ, ಒಂದು ಗುಂಡಿ ಒತ್ತಿದರೆ ಆಯ್ತು. ಆದರೆ ಇಳಿಸೋದಕ್ಕೆ ಮುಂಚೆ ಒತ್ತಬೇಕು. ಇಳಿಸಿದ ಮೇಲೆ ಒತ್ತಿದರೆ ಹುಳುಕು ಗಟ್ಟಿಯಾಗಿ ಕೂತಿರುತ್ತೆ.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಹೆಜ್ಜೆಯ ಪೆಟ್ಟಿಗೆ. ಸೆನ್ಸರಿನಿಂದ ಬರೋ ಅಂಕಿಗಳಲ್ಲಿ ಸಣ್ಣ ನಡುಕ ಇರುತ್ತೆ, ಅದನ್ನ ನಯ ಮಾಡ್ತಾರೆ. ನಯ ಮಾಡೋ ಫಿಲ್ಟರಿಗೆ ನಡುಕ ಯಾವುದು, ಚಂಡೆಯ ಪೆಟ್ಟಿಗೆ ಸರಿಯಾಗಿ ನೆಲಕ್ಕೆ ಬಡಿದ ಕಾಲು ಯಾವುದು ಅನ್ನೋ ವ್ಯತ್ಯಾಸ ಗೊತ್ತಿಲ್ಲ. ಎರಡೂ ಥಟ್ಟನೆ ಆಗೋ ಚಲನೆ ತಾನೆ? ಎರಡನ್ನೂ ಒರೆಸಿಹಾಕುತ್ತೆ. ಉಳಿಯೋದು ನೀರೊಳಗೆ ನಡೆದ ಹಾಗಿರೋ ಮೆತ್ತನೆ ಕುಣಿತ. ಗೆಜ್ಜೆ ಕಟ್ಟಿದ ಕಾಲಿಗೆ ಆ ಪೆಟ್ಟೇ ಇಲ್ಲ ಅಂದರೆ ಇನ್ನೇನು ಉಳೀತು ಹೇಳಿ?

ಇದೆಲ್ಲ ಸರಿಮಾಡಬಹುದು, ಮೂಲ ಕಡತ ಕೊಡಿ, ನಾನೇ ಕೂತು ದುಡ್ಡಿಲ್ಲದೆ ಮಾಡ್ತೀನಿ ಅಂತ ಫೋನ್ ಮಾಡಿದೆ. “ಪ್ರಾಜೆಕ್ಟ್ ಕ್ಲೋಸ್ ಆಯ್ತು ಸಾರ್, ರಾ ಡೇಟಾ ಎಲ್ಲ ಡಿಲೀಟ್ ಮಾಡಿದ್ವಿ” ಅಂದರು. ತಮ್ಮ ಗೊಂಬೆಗೆ ತೊಡಿಸಿ, ನಯ ಮಾಡಿ, 24 ಫ್ರೇಮಿಗೆ ಇಳಿಸಿದ ಒಂದು ಎಫ್‌ಬೀಎಕ್ಸ್ ಕಡತ ಇದೆ, ಬೇಕಾದರೆ ತಗೊಳ್ಳಿ ಅಂದರು. ಸಂಸ್ಥೆಯ ಹೆಸರು ಬೇಡ, ಅವರೊಬ್ಬರೇ ಹೀಗೆ ಮಾಡೋದೂ ಅಲ್ಲ. ಮರುವರ್ಷ ಮಾವನಿಗೆ ಮಂಡಿ ಆಪರೇಷನ್ ಆಯ್ತು. ಈಗ ಆಟಕ್ಕೆ ಬರ್ತಾರೆ, ಕುರ್ಚಿಯಲ್ಲಿ ಕೂತು ಅರ್ಥ ಹೇಳ್ತಾರೆ, ಮಂಡಿ ಹಾಕಲ್ಲ. ಹಾಕೋಕೆ ಡಾಕ್ಟರು ಬಿಡಲ್ಲ.

ಕಾಫಿಯವರಿಗೆ ಒಂದು ಮಾತು ಹೇಳಿದರೆ ಥಟ್ಟನೆ ಅರ್ಥ ಆಗುತ್ತೆ. ಹಣ್ಣು ಪಲ್ಪರಿಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ ಮಾಡಿ ಗೋಡೌನಿನಲ್ಲಿ ಇಟ್ಟರೆ ರೇಟು ಬರೋವರೆಗೆ ಕಾಯಬಹುದು. ಅದನ್ನ ಕ್ಯೂರಿಂಗಿಗೆ ಕಳಿಸಿ ಯಾವ ಗ್ರೇಡು ಬೇಕಾದರೂ ಬೇರೆ ಮಾಡಿಸಬಹುದು, ಹೇಗೆ ಬೇಕಾದರೂ ಹುರಿಸಬಹುದು. ಹುರಿದು ಪುಡಿ ಮಾಡಿ ಚಿಕೋರಿ ಬೆರೆಸಿದ ಮೇಲೆ? ಇವರು ನಮ್ಮ ಕೈಗೆ ಕೊಟ್ಟದ್ದು ಚಿಕೋರಿ ಬೆರೆಸಿದ ಪುಡಿ. ಪಾರ್ಚ್‌ಮೆಂಟ್ ಚೀಲ ತಿಪ್ಪೆಗೆ.

“ರಾ ಡೇಟಾ ತುಂಬಾ ದೊಡ್ಡದು, ಎಲ್ಲಿ ಅಂತ ಇಟ್ಕೊಳ್ಳೋದು” ಅನ್ನೋ ವಾದ ಕೇಳಿದ್ದೀನಿ. ಲೆಕ್ಕ ಹಾಕೋಣ ಬನ್ನಿ. ಸೆಕೆಂಡಿಗೆ 120 ಸಾಲು, ಸಾಲಿಗೆ ಸುಮಾರು 60 ಅಂಕಿ, ಅಂಕಿಗೆ ಒಂಬತ್ತು ಅಕ್ಷರ. ಒಂದು ನಿಮಿಷಕ್ಕೆ ನಾಲ್ಕು ಎಂಬಿ ಕೂಡ ಆಗಲ್ಲ. ಮಾವನ ಎರಡು ಗಂಟೆಯ ಕುಣಿತ ಐನೂರು ಎಂಬಿಯ ಒಳಗೆ. ಮದುವೆಮನೆಯಲ್ಲಿ ಹಂಚೋ ಪೆನ್‌ಡ್ರೈವಿನಲ್ಲಿ ಇಂಥ ಹತ್ತಾರು ಜನ ಕಲಾವಿದರು ಆರಾಮಾಗಿ ಕೂರ್ತಾರೆ. ಕಳಸದ ನೆಟ್‌ವರ್ಕಿನಲ್ಲೂ ಒಂದು ರಾತ್ರಿಗೆ ಮೇಲೇರುತ್ತೆ ಸ್ವಾಮಿ.

ಇನ್ನೊಬ್ಬ ಗೆಳೆಯ, ಸ್ಟುಡಿಯೋದಲ್ಲೇ ಇರೋನು, ಬೇರೆ ವಾದ ಹೂಡಿದ. ಇನ್ನು ಇದೆಲ್ಲ ಬೇಕಾಗಿಲ್ಲ, ಹಳೇ ವಿಡಿಯೋ ಇದ್ದರೆ ಸಾಕು, ಎಐ ಎಲ್ಲ ತೆಗೆದುಕೊಡುತ್ತೆ ಅಂತ. ನಾನೂ ಪ್ರಯತ್ನಿಸಿದ್ದೀನಿ, ಹೋದ ವರ್ಷವೂ ಪ್ರಯತ್ನಿಸಿದೆ. ಪ್ಯಾಂಟು ಶರ್ಟಿನ ಹುಡುಗ ನಡೆದರೆ ಚೆನ್ನಾಗೇ ತೆಗೆಯುತ್ತೆ. ಯಕ್ಷಗಾನದ ವೇಷ ತೋರಿಸಿದರೆ ಭುಜಕೀರ್ತಿಯನ್ನ ಭುಜ ಅನ್ನುತ್ತೆ, ಕಿರೀಟದ ತುದಿ ತಲೆ ಆಗುತ್ತೆ, ಕಸೆಯ ಒಳಗಿನ ಮಂಡಿ ಎಲ್ಲಿದೆ ಅಂತ ಊಹೆ ಮಾಡುತ್ತೆ. ಒಂದೇ ಕ್ಯಾಮೆರಾದ ವಿಡಿಯೋದಲ್ಲಿ ಆಳ ಇರಲ್ಲ, ಆ ಆಳವೂ ಊಹೆಯೇ. ಮುಂದೆ ಸುಧಾರಿಸಬಹುದು, ಬೇಡ ಅನ್ನಲ್ಲ. ಆದರೆ ಊಹೆ ಸರಿಯೋ ತಪ್ಪೋ ಅಂತ ತಾಳೆ ನೋಡೋಕಾದರೂ ನಿಜವಾಗಿ ಅಳೆದ ನಾಲ್ಕು ಕಡತ ಬೇಡವೇ? 2017ರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ತೀರಿಕೊಂಡರು. ಅವರ ಭಸ್ಮಾಸುರ ನೋಡಬೇಕು ಅಂದರೆ ವಿಡಿಯೋ ಇದೆ, ಅದೇ ಪುಣ್ಯ. ಆ ಸೊಂಟ ಎಷ್ಟು ಬಾಗ್ತಿತ್ತು, ಭಾರ ಯಾವ ಕಾಲಿನ ಮೇಲೆ ಇರ್ತಿತ್ತು ಅನ್ನೋದನ್ನ ಇನ್ನು ಅಳೆಯೋಕೆ ಆಗಲ್ಲ.

ವೇಷದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಕ್ಯಾಪ್ಚರ್ ಮಾಡೋವಾಗ ಮೈಗಂಟಿದ ಬಟ್ಟೆಯೇ ಬೇಕು, ವೇಷ ಕಟ್ಟೋಹಾಗಿಲ್ಲ. ಆದರೆ ತಲೆ ಮೇಲೆ ಕಿರೀಟ, ಎದೆಗೆ ಎದೆಕಟ್ಟು, ಭುಜಕ್ಕೆ ಮರದ ಆಭರಣ ಬಿಗಿದು ಕುಣಿಯೋ ಮೈ ಬೇರೆ, ಬನಿಯನ್ನಿನಲ್ಲಿ ಕುಣಿಯೋ ಮೈ ಬೇರೆ. ಕತ್ತು ತಿರುಗಿಸೋ ರೀತಿಯೇ ಬದಲಾಗುತ್ತೆ. ಮಾವ ಅವತ್ತು ತಲೆಗೊಂದು ಭಾರದ ಮುಂಡಾಸು ಸುತ್ತಿಕೊಂಡೇ ಕುಣಿದರು, “ಇಲ್ಲದಿದ್ರೆ ತಲೆ ನನ್ನ ಮಾತು ಕೇಳಲ್ಲ” ಅಂತ. ಎಂಥಾ ಸೂಕ್ಷ್ಮ ನೋಡಿ. ಬೆರಳುಗಳ ಸುದ್ದಿ ಎತ್ತೋದೇ ಬೇಡ, ಆ ಸೂಟಿನಲ್ಲಿ ಬೆರಳಿಗೆ ಸೆನ್ಸರೇ ಇರಲಿಲ್ಲ. ಗೊಂಬೆಯ ಕೈ ಮರದ ಸೌಟಿನ ಹಾಗೆ.

ಹೊರದೇಶದಲ್ಲಿ ಇದನ್ನ ಹೇಗೆ ಮಾಡಿದ್ದಾರೆ? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ನೂರಕ್ಕೂ ಹೆಚ್ಚು ಜನರ, ಎರಡು ಸಾವಿರಕ್ಕೂ ಹೆಚ್ಚು ಚಲನೆಗಳನ್ನ ಹಿಡಿದು ಬಿಟ್ಟಿಯಾಗಿ ಎಲ್ಲರಿಗೂ ಕೊಟ್ಟರು. ನಡಿಗೆ, ಓಟ, ಜಗಳ, ಕುಣಿತ ಎಲ್ಲ ಉಂಟು. ಅವರು ಕೊಟ್ಟದ್ದು ಸೀತ್ರೀಡಿ ಮತ್ತು ಅಕ್ಲೇಮ್ ಅನ್ನೋ ಆಟದ ಕಂಪನಿಯ ಕಾಲದ ಕಡತಗಳಲ್ಲಿ. ಅಕ್ಲೇಮ್ 2004ರಲ್ಲೇ ಮುಳುಗಿತು. ಆದರೂ ಯಾರೋ ಪುಣ್ಯಾತ್ಮರು ಎಲ್ಲವನ್ನೂ ಬೀವೀಎಚ್‌ಗೆ ಬದಲಿಸಿ ಹಂಚಿದರು. ಅದು ಆಗಿದ್ದು ಕಚ್ಚಾ ಮಾಲು ಹೊರಗಿದ್ದದ್ದರಿಂದ, ಕಡತದ ಒಳಗೇನಿದೆ ಅಂತ ಯಾರಾದರೂ ಓದಬಹುದಾಗಿದ್ದರಿಂದ. ಎಫ್‌ಬೀಎಕ್ಸಿನ ಜಾತಕ ಬೇರೆ. ಕೈದಾರಾ ಅನ್ನೋ ಕೆನಡಾದ ಕಂಪನಿಯ ಫಿಲ್ಮ್‌ಬಾಕ್ಸ್ ತಂತ್ರಾಂಶದ ಕೂಸು ಅದು. ಕೈದಾರಾವನ್ನ 2004ರಲ್ಲಿ ಏಲಿಯಾಸ್ ಕೊಂಡಿತು, 2006ರಲ್ಲಿ ಏಲಿಯಾಸನ್ನ ಆಟೋಡೆಸ್ಕ್ ಕೊಂಡಿತು. ಒಳಗಿನ ರಚನೆಯನ್ನ ಬಹಿರಂಗ ಮಾಡಲಿಲ್ಲ. ಬ್ಲೆಂಡರಿನವರು ಬೈಟು ಬೈಟು ಕೆದಕಿ ನೋಡಿ, 2013ರಲ್ಲಿ ತಾವು ಕಂಡುಕೊಂಡದ್ದನ್ನ ಬರೆದು ಪ್ರಕಟಿಸಬೇಕಾಯ್ತು. ಸಾಫ್ಟ್‌ಇಮೇಜ್ ಅಂತ ಇನ್ನೊಂದು ಒಳ್ಳೇ ತಂತ್ರಾಂಶ ಇತ್ತು, ಅದನ್ನೂ 2008ರಲ್ಲಿ ಆಟೋಡೆಸ್ಕ್ ಕೊಂಡು, 2014ರಲ್ಲಿ ಇನ್ನು ಮುಂದಿನ ಆವೃತ್ತಿಯೇ ಕೊನೇದು ಅಂತ ಸಾರಿತು. ಅದರದೇ ಕಡತದಲ್ಲಿ ಕೆಲಸ ಇಟ್ಟುಕೊಂಡವರು ಏನು ಮಾಡಬೇಕು? ನಮ್ಮ ಹಳೇ ಫಾಂಟಿನವರ ಪಾಡೇ.

ಎಫ್‌ಬೀಎಕ್ಸ್ ಬೇಡ ಅಂತ ನಾನು ಹೇಳ್ತಿಲ್ಲ. ದಿನಾ ಅದರಲ್ಲೇ ಕೆಲಸ ಮಾಡ್ತೀನಿ, ಹೊಟ್ಟೆಪಾಡು. ಆದರೆ ಅದೊಂದೇ ಪ್ರತಿ ಆಗಬಾರದು.

ರಾಜ್ಯ ಸರ್ಕಾರ 2012ರಲ್ಲಿ ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆ ಅಂತಲೇ ಒಂದು ನೀತಿ ತಂದಿತು, 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಉದ್ಯೋಗ, ಬಂಡವಾಳ, ತರಬೇತಿ ಎಲ್ಲ ಒಳ್ಳೇದೇ. ನನ್ನ ಬೇಡಿಕೆ ತೀರಾ ಸಣ್ಣದು. ಯಾವುದೇ ಕಲಾವಿದರ ಮೈಗೆ ಸೆನ್ಸರು ಕಟ್ಟಿದರೆ, ಅವತ್ತು ಸಂಜೆ ಅಲ್ಲಿಂದ ಹೊರಡೋ ಮುಂಚೆ, ನಯ ಮಾಡದ, ಯಾವ ಗೊಂಬೆಗೂ ತೊಡಿಸದ, ಹಿಡಿದ ವೇಗದಲ್ಲೇ ಇರೋ ಕಡತದ ಒಂದು ಪ್ರತಿ ಕಲಾವಿದರ ಕೈಗೆ. ಬೀವೀಎಚ್ ಇರಲಿ ಸೀತ್ರೀಡಿ ಇರಲಿ, ತೆರೆದು ಓದೋ ಹಾಗಿರಬೇಕು. ಜೊತೆಗೆ ಒಂದು ಚೀಟಿ: ಮೇಲ್ದಿಕ್ಕು ಯಾವುದು, ಅಳತೆ ಯಾವುದು, ಕಲಾವಿದರ ಎತ್ತರ ಎಷ್ಟು, ಕಾಲುದ್ದ ಎಷ್ಟು. ಜೊತೆಗೆ ಹಿಮ್ಮೇಳದ ಧ್ವನಿಮುದ್ರಣ, ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದು ಎರಡನ್ನೂ ಹೊಂದಿಸೋ ಹಾಗೆ. ಚಲನೆಯ ಕಡತದಲ್ಲಿ ಸದ್ದಿರಲ್ಲ, ಚಂಡೆ ಇಲ್ಲದೆ ಆ ಹೆಜ್ಜೆ ಯಾಕೆ ಅಲ್ಲೇ ಬಿತ್ತು ಅಂತ ಮುಂದಿನವರಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಪ್ರದರ್ಶಕರಿಗೆ ಹಕ್ಕಿದೆ, ಐವತ್ತು ವರ್ಷದ್ದು. 2012ರ ತಿದ್ದುಪಡಿಯಲ್ಲಿ ತನ್ನ ಪ್ರದರ್ಶನವನ್ನ ತನ್ನ ಹೆಸರಿಗೆ ಕುಂದು ಬರೋ ಹಾಗೆ ವಿರೂಪ ಮಾಡಿದರೆ ತಡೆಯೋ ಹಕ್ಕೂ ಸೇರಿತು. ಬರೀ ಅಂಕಿಗಳ ಕಡತಕ್ಕೂ ಇದು ತಾಗುತ್ತಾ ಅನ್ನೋದನ್ನ ವಕೀಲರು ವಾದಿಸಿಕೊಳ್ಳಲಿ. ಮಂಡಿ ನೆಲದೊಳಗೆ ಹೂತುಹೋದ ಗೊಂಬೆಯ ಕೆಳಗೆ ತನ್ನ ಹೆಸರು ನೋಡಿದ ಮಾವನ ಮುಖ ನಾನು ನೋಡಿದ್ದೀನಿ, ನನಗೆ ವಾದ ಬೇಕಾಗಿಲ್ಲ.

ಓದೋರಲ್ಲಿ ಸಾಫ್ಟ್‌ವೇರಿನವರು ಬಹಳ ಜನ ಇದ್ದೀರಿ ಅಂತ ಗೊತ್ತು. ಫಾಂಟು ಪರಿವರ್ತಕ ಬರೆದ ಕೈಗಳೂ ಇವೆ. ಬ್ಲೆಂಡರಿಗೆ ಒಂದು ಸಣ್ಣ ಆಡ್-ಆನ್ ಬೇಕಾಗಿದೆ: ಪಾದದ ಜೊತೆಗೆ ಮಂಡಿಯೂ ನೆಲ ಮುಟ್ಟುತ್ತೆ ಅಂತ ಒಪ್ಪಿಕೊಳ್ಳೋದು, ಸುತ್ತನ್ನ ಮೊದಲು ಬಿಡಿಸಿ ಆಮೇಲೆ ಫ್ರೇಮು ಇಳಿಸೋದು, ಹೆಜ್ಜೆಯ ಪೆಟ್ಟು ಬಿದ್ದ ಫ್ರೇಮುಗಳನ್ನ ನಯ ಮಾಡದೆ ಬಿಡೋದು. ಪೈಥಾನಿನಲ್ಲಿ ನಾನು ಅರ್ಧ ಬರೆದಿದ್ದೀನಿ, ಸುತ್ತಿನ ಭಾಗ ಕೆಲಸ ಮಾಡುತ್ತೆ, ಮಂಡಿಯ ಭಾಗ ಇನ್ನೂ ಕುಂಟುತ್ತೆ. ಮಾವನ ಮಗಳು ಈಗ ಕುಣೀತಾಳೆ, ಅಪ್ಪನದೇ ಮಂಡಿ. ಕುಯ್ಲು ಮುಗಿದ ಮೇಲೆ, ಫೆಬ್ರವರಿಯಲ್ಲಿ, ಕಣ ಖಾಲಿ ಆದಾಗ ಅವಳದ್ದನ್ನ ಹಿಡಿಯೋದು ಅಂತ ಮಾತಾಗಿದೆ. ಈ ಸಲ ಲ್ಯಾಪ್‌ಟಾಪು ನಮ್ಮದು. ಮಂಡಿ ಲೆಕ್ಕಕ್ಕೆ ಕೈ ಹಾಕೋರು ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ತಿಳಿಸಿ. ಬರೋದಾದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ನನ್ನ ಖರ್ಚು.